ಹತ್ತು ಪ್ರಶ್ನೆ ಕೇಳಿದವರ ಹೆಸರೆಲ್ಲಿ?

ದೇವನಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಬಾಣಂತಿಯ ಮನಸ್ಸು ಹೇಗಿದೆ ಎಂದು ತಿಳಿಯಲು ಎಡಿನ್‌ಬರೋ ಪ್ರಶ್ನಾವಳಿ ಸಾಕು ಎನ್ನಿಸಬಹುದು. 1987ರಲ್ಲಿ ರೂಪುಗೊಂಡ ಇದು ಕನ್ನಡದಲ್ಲೂ ಇದೆ. ಕಳೆದ ಏಳು ದಿನಗಳ ಬಗ್ಗೆ ಹತ್ತು ಪ್ರಶ್ನೆ, ಅಷ್ಟೇ. ಆದರೆ ಅತ್ತೆ ಪಕ್ಕದಲ್ಲೇ ಕೂತಿದ್ದರೆ ಹತ್ತಕ್ಕೂ ‘ಚೆನ್ನಾಗಿದ್ದೀನಿ’ ಎನ್ನುವ ಧಾಟಿಯ ಉತ್ತರವೇ. ರೇಷ್ಮೆಹುಳಕ್ಕೆ ಸೊಪ್ಪು ಹಾಕಿ ಮುಗಿಯುವವರೆಗೆ ಕಾದು, ಮಗುವನ್ನು ಎತ್ತಿ ಆಡಿಸಿ, ಆಕೆ ಒಬ್ಬಳೇ ಸಿಕ್ಕಾಗ ಮಾತಿಗೆಳೆಯುವ ಸಂಶೋಧನಾ ಸಹಾಯಕಿಯಿಂದ ಆ ಅಂಕಗಳಿಗೆ ಅರ್ಥ ಬರುತ್ತದೆ. ಪ್ರಬಂಧ ಅಚ್ಚಾದಾಗ ಆ ಸಹಾಯಕಿಯ ಹೆಸರು ಕೃತಜ್ಞತೆಯ ಸಾಲಿನಲ್ಲಿದ್ದರೆ ಪುಣ್ಯ. ಅಮೆರಿಕದ ಸಂಶೋಧನಾ ತಂಡಗಳ ದಾಖಲೆ ಜಾಲಾಡಿ 2022ರಲ್ಲಿ ‘ನೇಚರ್’ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಂಡದಲ್ಲಿ ದುಡಿದ ಮಹಿಳೆಯ ಹೆಸರು ಲೇಖಕರ ಪಟ್ಟಿ ಸೇರುವ ಸಾಧ್ಯತೆ ಪುರುಷನಿಗಿಂತ ಶೇ 13ರಷ್ಟು ಕಡಿಮೆ.

ಹೆಂಗಸರು ಬರೆಯುವುದೇ ಕಡಿಮೆ ಎನ್ನುವವರಿದ್ದಾರೆ. ಹದಿನೈದು ಲಕ್ಷ ವಿಜ್ಞಾನಿಗಳ ವೃತ್ತಿಜೀವನವನ್ನು ಲೆಕ್ಕಹಾಕಿದ 2020ರ ಅಧ್ಯಯನ ಈ ಮಾತನ್ನು ಅರ್ಧ ಮಾತ್ರ ಒಪ್ಪುತ್ತದೆ. ಇಡೀ ವೃತ್ತಿಯಲ್ಲಿ ಪುರುಷರದು ಸರಾಸರಿ 13.2 ಪ್ರಬಂಧ, ಮಹಿಳೆಯರದು 9.6. ವರ್ಷಕ್ಕೆ ಎಷ್ಟು ಎಂದು ನೋಡಿದರೆ 1.32 ಮತ್ತು 1.33, ಅಂದರೆ ಮಹಿಳೆಯರೇ ಕೂದಲೆಳೆಯಷ್ಟು ಮುಂದು! ವ್ಯತ್ಯಾಸದ ಬಹುಪಾಲು ಅವರು ಬೇಗ ಕ್ಷೇತ್ರ ಬಿಡುವುದರಿಂದ ಬಂದದ್ದು. ಅದು ಅವರವರ ಆಯ್ಕೆ ಎನ್ನಬಹುದೇ? ತಮ್ಮ ಹೆಸರಿಲ್ಲದ ಪ್ರಬಂಧ ಅರ್ಜಿಯಲ್ಲಿ ಕಾಣುವುದಿಲ್ಲ. ಮುಂದಿನ ಫೆಲೋಶಿಪ್ ಕೈತಪ್ಪುತ್ತದೆ. ಆಮೇಲಿನದು ಆಯ್ಕೆಯೋ ಅನಿವಾರ್ಯವೋ. ಹೆರಿಗೆ ಮತ್ತು ಮಕ್ಕಳ ಪಾಲನೆಗೆಂದು ಪಿಎಚ್‌ಡಿಯಲ್ಲಿ 240 ದಿನಗಳವರೆಗೆ ರಜೆ ಕೊಡುವ ಯುಜಿಸಿ ನಿಯಮ ಒಳ್ಳೆಯದೇ. ಆದರೆ ರಜೆ ದಿನಗಳನ್ನು ತುಂಬಿಕೊಟ್ಟೀತು, ಪ್ರಬಂಧದಿಂದ ಬಿಟ್ಟುಹೋದ ಹೆಸರನ್ನಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. 145 ಪತ್ರಿಕೆಗಳ ಪರಿಶೀಲನಾ ದಾಖಲೆ ನೋಡಿದ 2021ರ ಅಧ್ಯಯನಕ್ಕೆ ಮಹಿಳೆಯರ ಹಸ್ತಪ್ರತಿಗಳ ಮೇಲೆ ಮಲತಾಯಿ ಧೋರಣೆಯೇನೂ ಕಾಣಲಿಲ್ಲ. ಇದನ್ನು ಒಪ್ಪಲೇಬೇಕು. ಆದರೆ ಸಂಪಾದಕರ ಮೇಜಿಗೆ ಬಂದ ಹಸ್ತಪ್ರತಿಯಲ್ಲಿ ಯಾರ ಹೆಸರು ಇರಬೇಕೆಂಬುದು ಅದಕ್ಕೂ ಮೊದಲೇ ತೀರ್ಮಾನವಾಗಿರುತ್ತದೆ. ಕಾಲವೇ ಸರಿಪಡಿಸುತ್ತದೆ ಎಂಬ ಭರವಸೆಯೂ ಸಾಲದು: ಅಮೆರಿಕದಲ್ಲಿ ಮನೋವಿಜ್ಞಾನದ ಪಿಎಚ್‌ಡಿ ಪಡೆಯುವವರಲ್ಲಿ ಬಹುಪಾಲು ಮಹಿಳೆಯರೇ ಆಗಿ ದಶಕಗಳಾದರೂ ಹಿರಿಯ ಹುದ್ದೆಗಳಲ್ಲಿ ಆ ಪ್ರಮಾಣ ಕಾಣುವುದಿಲ್ಲ. ಮೇಲೇರಿದವರಿಂದ ಏನಾಗುತ್ತದೆಂಬುದಕ್ಕೆ ನಿಮ್ಹಾನ್ಸ್ ನೋಡಬಹುದು. ಮನೋವೈದ್ಯೆ ಪ್ರಭಾ ಚಂದ್ರ ಅವರಂಥವರು ಬಾಣಂತಿಯರ ಮಾನಸಿಕ ಆರೋಗ್ಯವನ್ನು ಸಂಶೋಧನೆಯ ವಿಷಯವಾಗಿ ಬೆಳೆಸಿದರು. 2009ರಲ್ಲಿ ಅಲ್ಲಿ ತಾಯಿ-ಮಗು ವಾರ್ಡ್ ಶುರುವಾಯಿತು.

ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮದಲ್ಲೇ, ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಲು ಒಂದು ದಾರಿಯಿದೆ. ಲೇಖಕರೆನಿಸಲು ಕರಡು ಬರೆಯುವುದರಲ್ಲೋ ತಿದ್ದುವುದರಲ್ಲೋ ಪಾಲಿರಬೇಕು ಎನ್ನುವ ಷರತ್ತನ್ನು ತೋರಿಸಿ ಸಹಾಯಕಿಯನ್ನು ಕೈಬಿಡುವುದುಂಟು. ಅದೇ ನಿಯಮ, ಮಾಹಿತಿ ಸಂಗ್ರಹದಲ್ಲಿ ಗಣನೀಯವಾಗಿ ದುಡಿದವರಿಗೂ ಕರಡು ತಿದ್ದುವ ಅವಕಾಶ ಕೊಡಬೇಕೆನ್ನುತ್ತದೆ. ಕರಡನ್ನು ಆಕೆಗೂ ಕಳಿಸಿದಿರಾ ಎಂದು ಸಂಪಾದಕರು ಕೇಳಲು ಹೊಸ ಕಾನೂನೇನೂ ಬೇಕಿಲ್ಲ.