ಪುಟ್ಟಿಗೆ ಏನು ಉಡುಗೊರೆ?

ಅಕ್ಕನ ಮಗಳಿಗೆ ನಾಳೆ ಎಂಟು ವರ್ಷ ತುಂಬುತ್ತದೆ. ಹುಟ್ಟುಹಬ್ಬದ ದಿನ ಬರಿಗೈಯಲ್ಲಿ ಹೋಗುವುದು ಹೇಗೆಂದು ಸೋದರಮಾವ ಸಂಜೆ ಆಟಿಕೆಯ ಅಂಗಡಿಗೆ ಹೋಗುತ್ತಾನೆ. ಅಂಗಡಿಯವನ ಮೊದಲ ಪ್ರಶ್ನೆ: "ಗಂಡು ಮಗುವೋ, ಹೆಣ್ಣು ಮಗುವೋ, ಸ್ವಾಮಿ?"

ಹೆಣ್ಣು ಮಗು ಎಂದೊಡನೆ ಅವನು ಒಂದು ಬದಿಯ ಕಪಾಟಿನತ್ತ ಕೈ ತೋರುತ್ತಾನೆ. ಅಲ್ಲಿ ಎಲ್ಲವೂ ಗುಲಾಬಿ ಬಣ್ಣ: ಪುಟ್ಟ ಒಲೆ, ಪುಟ್ಟ ಕುಕ್ಕರು, ತಲೆ ಬಾಚಿಸಿಕೊಳ್ಳುವುದಕ್ಕೆಂದೇ ಹುಟ್ಟಿಬಂದಂತಿರುವ ಗೊಂಬೆ, ಬಳೆ ಸರಗಳ ಪೆಟ್ಟಿಗೆ. ಎದುರಿನ ಕಪಾಟಿನಲ್ಲಿ ದೂರದರ್ಶಕ, ಬಿಚ್ಚಿ ಕಟ್ಟುವ ಸೇತುವೆ, ಅಯಸ್ಕಾಂತದ ಪೆಟ್ಟಿಗೆ, ರೈಲು. ಅದು ಗಂಡುಮಕ್ಕಳ ಬದಿಯಂತೆ! ಮಗುವಿಗೆ ಯಾವುದು ಇಷ್ಟ, ಅವಳು ದಿನವೆಲ್ಲ ಏನನ್ನು ಕುರಿತು ಪ್ರಶ್ನೆ ಕೇಳುತ್ತಾಳೆ ಎಂದು ಅಂಗಡಿಯವನು ವಿಚಾರಿಸುವುದಿಲ್ಲ. ವಿಚಾರಿಸಿದರೂ ಮಾವನ ಬಳಿ ಉತ್ತರವಿಲ್ಲ.

ಇದೊಂದು ಅಲ್ಪ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಹಿರಿಯರು ಕೊಡುವ ಪ್ರತಿಯೊಂದು ವಸ್ತುವಿನ ಜೊತೆಗೆ, "ನಿನ್ನಿಂದ ನಾವು ನಿರೀಕ್ಷಿಸುವುದು ಇಷ್ಟು" ಎಂಬ ಮಾತೊಂದು ಮಗುವನ್ನು ತಲುಪುತ್ತದೆ. ಅಣ್ಣನಿಗೆ ಬೈಸಿಕಲ್ಲು, ತಂಗಿಗೆ ಅಡಿಗೆಯ ಸಾಮಾನು ಬಂದಾಗ ಆ ಮಾತು ಅವಳಿಗೆ ಅರ್ಥವಾಗದೆ ಇರುವುದಿಲ್ಲ.

ವಜ್ರದ ಓಲೆಯ ಕಥೆ

ಎಂಟನೆಯ ಹುಟ್ಟುಹಬ್ಬದ ಒಂದು ನಿಜವಾದ ಪ್ರಸಂಗವನ್ನು ಇಲ್ಲಿ ನೆನೆಯುವುದು ಉಚಿತ. ಆಗ ತಿರುವಾಂಕೂರು ಸಂಸ್ಥಾನಕ್ಕೆ ಸೇರಿದ್ದ ಪೀರುಮೇಡಿನಲ್ಲಿ 1918ರಲ್ಲಿ ಅನ್ನಾ ಮಣಿ ಎಂಬ ಹೆಣ್ಣು ಮಗು ಜನಿಸಿತು. ತಂದೆ ಇಂಜಿನಿಯರು, ಅನುಕೂಲಸ್ಥ ಮನೆತನ. ಗಂಡುಮಕ್ಕಳನ್ನು ಉದ್ಯೋಗಕ್ಕೆ, ಹೆಣ್ಣುಮಕ್ಕಳನ್ನು ಮದುವೆಗೆ ಸಿದ್ಧಗೊಳಿಸುವುದು ಆ ಮನೆಯ ಪದ್ಧತಿ. ಹೆಣ್ಣುಮಕ್ಕಳಿಗೆ ಎಂಟು ತುಂಬಿದಾಗ ವಜ್ರದ ಓಲೆ ಕೊಡುವುದೂ ಆ ಪದ್ಧತಿಯ ಒಂದು ಭಾಗ. ಆದರೆ ಈ ಹುಡುಗಿ ಓಲೆ ಬೇಡವೆಂದಳು. ಅದರ ಬದಲು 'ಎನ್‌ಸೈಕ್ಲೊಪೀಡಿಯ ಬ್ರಿಟಾನಿಕ'ದ ಸಂಪುಟಗಳನ್ನು ಆರಿಸಿಕೊಂಡಳು.

ಮುಂದಿನದು ಬೆಂಗಳೂರಿಗೆ ಸಂಬಂಧಿಸಿದ್ದು. 1940ರಲ್ಲಿ ಅನ್ನಾ ಮಣಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸರ್ ಸಿ. ವಿ. ರಾಮನ್ ಅವರ ಪ್ರಯೋಗಶಾಲೆಯನ್ನು ಸೇರಿದರು. ಅಲ್ಲಿ ಅವರಿಗೆ ದೊರೆತ ಅಧ್ಯಯನದ ವಸ್ತು ಯಾವುದು? ವಜ್ರ! ಬಾಲ್ಯದಲ್ಲಿ ಕಿವಿಗೆ ಬೇಡವೆಂದ ವಜ್ರವನ್ನು ಅವರು ಈಗ ಉಪಕರಣದ ಮುಂದಿಟ್ಟು, ಅದು ಬೆಳಕನ್ನು ಹೀರುವ ಮತ್ತು ಹೊರಸೂಸುವ ಬಗೆಯನ್ನು ಪರೀಕ್ಷಿಸಿದರು. ಛಾಯಾಫಲಕದ ಮೇಲೆ ಒಂದು ರೋಹಿತ ಮೂಡಬೇಕಾದರೆ ಹದಿನೈದು ಇಪ್ಪತ್ತು ಗಂಟೆ ಕಾಯಬೇಕಾಗುತ್ತಿತ್ತು; ಎಷ್ಟೋ ರಾತ್ರಿಗಳನ್ನು ಅವರು ಪ್ರಯೋಗಶಾಲೆಯಲ್ಲಿಯೇ ಕಳೆದರು. 1948ರಲ್ಲಿ ಭಾರತೀಯ ಹವಾಮಾನ ಇಲಾಖೆಯನ್ನು ಸೇರಿ, ದೇಶಕ್ಕೆ ಬೇಕಾದ ಹವಾಮಾನದ ಉಪಕರಣಗಳನ್ನು ಇಲ್ಲಿಯೇ ತಯಾರಿಸುವ ಕಾರ್ಯದಲ್ಲಿ ಮುಂದಾಳಾಗಿ ನಿಂತರು. 1976ರಲ್ಲಿ ಇಲಾಖೆಯ ಉಪಮಹಾನಿರ್ದೇಶಕರಾಗಿ ನಿವೃತ್ತರಾದರು.

ಸಂಪುಟಗಳನ್ನು ಕೊಟ್ಟದ್ದರಿಂದಲೇ ಆಕೆ ವಿಜ್ಞಾನಿಯಾದರೆಂದು ಹೇಳುವುದು ಅತಿಶಯೋಕ್ತಿ. ಎಂಟು ವರ್ಷದ ಹೊತ್ತಿಗಾಗಲೇ ಆ ಹುಡುಗಿ ಓದಿನ ಹಸಿವುಳ್ಳವಳು. ಇಲ್ಲಿ ಗಮನಿಸತಕ್ಕ ವಿಷಯವೇ ಬೇರೆ. ಆಕೆಗೆ ಏನು ಬೇಕೆಂಬುದು ಆಕೆಯ ಬಾಯಿಂದಲೇ ಬಂದಿತು. ಪದ್ಧತಿಯನ್ನು ಮುರಿದಾದರೂ ಅದಕ್ಕೆ ಒಂದು ಮನೆ ಎಡೆಗೊಟ್ಟಿತು.

ಕೊಳ್ಳುವ ಮುನ್ನ ಕಣ್ಣಿಟ್ಟು ನೋಡಿ

ಆದುದರಿಂದ ಉಡುಗೊರೆಯ ಆಯ್ಕೆ ಅಂಗಡಿಯಲ್ಲಿ ಆರಂಭವಾಗಕೂಡದು. ಮಗುವಿನ ಬಳಿ ಆರಂಭವಾಗಬೇಕು. ಅಂಗಳದಲ್ಲಿ ಇರುವೆಯ ಸಾಲನ್ನು ಹಿಂಬಾಲಿಸಿ ಹೋಗುವವಳಿಗೆ ಒಂದು ಭೂತಕನ್ನಡಿಯನ್ನು ಕೊಟ್ಟು ನೋಡಿ. ಇರುವೆಯ ಮೀಸೆ, ದಾಸವಾಳದ ಪರಾಗ, ಅಜ್ಜಿಯ ರೇಷ್ಮೆ ಸೀರೆಯ ಎಳೆ ಎಲ್ಲವೂ ಅವಳಿಗೆ ಹೊಸದಾಗಿ ಕಾಣುತ್ತವೆ. ಗೋಡೆಯ ಮೇಲೆ ಗೀಚಿ ಬೈಸಿಕೊಳ್ಳುವವಳಿಗೆ ಒಳ್ಳೆಯ ಬಣ್ಣದ ಪೆಟ್ಟಿಗೆ, ದಪ್ಪ ಕಾಗದದ ಪುಸ್ತಕ ತಕ್ಕುದು. ಗಡಿಯಾರವನ್ನು ಬಿಚ್ಚಿ ಹರಡಿದವಳಿಗೆ ಬಿಚ್ಚಿ ಕಟ್ಟುವ ಆಟಿಕೆಗಿಂತ ಬೇರೆ ಬೇಡ. ಅಡಿಗೆಯ ಆಟವೇ ಪ್ರಿಯವೆನ್ನುವವಳಿಗೆ ಅದನ್ನೇ ಕೊಡಲು ಅಡ್ಡಿಯಿಲ್ಲ. ಜೊತೆಗೆ ಒಂದು ಪುಟ್ಟ ತಕ್ಕಡಿಯೂ ಇರಲಿ. ತೂಗುವುದು, ಪಾಲು ಮಾಡುವುದು ಅಡಿಗೆಯೂ ಹೌದು, ಗಣಿತವೂ ಹೌದು.

ಒಳ್ಳೆಯ ಆಟಿಕೆಯ ಗುಣವೇನೆಂದರೆ, ಅದು ತಾನು ಸುಮ್ಮನಿದ್ದು ಮಗುವನ್ನು ಆಡಿಸುತ್ತದೆ. ಗುಂಡಿ ಒತ್ತಿದರೆ ತಾನೇ ಹಾಡಿ ಕುಣಿಯುವ ಬೊಂಬೆಯ ಮುಂದೆ ಮಗು ಪ್ರೇಕ್ಷಕಳಾಗಿ ಕುಳಿತುಬಿಡುತ್ತಾಳೆ. ಮರದ ತುಂಡುಗಳಾದರೋ ಇಂದು ಮನೆ, ನಾಳೆ ದೋಣಿ, ನಾಳಿದ್ದು ದೇವಸ್ಥಾನದ ತೇರು.

ಅಟ್ಟದ ಮೇಲಿನ ಭಂಡಾರ

ದುಡ್ಡು ಹೆಚ್ಚಾದಷ್ಟೂ ಆಟಿಕೆ ಉತ್ತಮವೆಂಬ ಭ್ರಮೆಯೂ ಬೇಡ. ಅನೇಕ ಮನೆಗಳ ಅಟ್ಟದ ಮೇಲೆ ಇಂದಿಗೂ ಒಂದು ಅಳಗುಳಿ ಮಣೆ ಧೂಳು ಹಿಡಿದು ಕುಳಿತಿರುತ್ತದೆ. ತುಳುನಾಡಿನವರು ಇದನ್ನೇ ಚೆನ್ನೆಮಣೆ ಎನ್ನುತ್ತಾರೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ಐದರಂತೆ ಕಾಯಿ ತುಂಬಿದರೆ ಒಟ್ಟು ಎಪ್ಪತ್ತು. ಯಾವ ಗುಳಿಯಿಂದ ಎತ್ತಿ ಹಂಚಿದರೆ ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಮೊದಲೇ ಲೆಕ್ಕ ಹಾಕಬಲ್ಲವನೇ ಗೆಲ್ಲುವವನು. ಮಗ್ಗಿಯನ್ನು ಕಂಡರೆ ಮುಖ ಸಿಂಡರಿಸುವ ಹುಡುಗಿ ಇಲ್ಲಿ ತಾನಾಗಿಯೇ ಎಣಿಸುತ್ತಾಳೆ. ಕಾಯಿಗಳಿಗೆ ಹುಣಿಸೆ ಬೀಜವಾಗಲಿ ಕವಡೆಯಾಗಲಿ ಸಾಕು. ಗುಲಗಂಜಿ ನೋಡುವುದಕ್ಕೆ ಬಲು ಚೆಲುವು, ಆದರೆ ಅಗಿದರೆ ವಿಷ. ಮಕ್ಕಳ ಕೈಗೆ ಅದು ಬೇಡ.

ಚೌಕಾಬಾರವೂ ಹೀಗೆಯೇ. ಐದು ಐದಲ ಇಪ್ಪತ್ತೈದು ಮನೆ, ನಾಲ್ಕು ಕವಡೆ. ಸೀಮೆಸುಣ್ಣದಿಂದ ನೆಲದ ಮೇಲೆಯೇ ಗೆರೆ ಎಳೆಯಬಹುದು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ಎಲ್ಲವೂ ಬೋರಲಾದರೆ ಬಾರ, ಅಂದರೆ ಎಂಟು. ಎಂಟು ಏಕೆ ಅಪರೂಪ, ಎರಡು ಏಕೆ ಪದೇ ಪದೇ ಬೀಳುತ್ತದೆ ಎಂದು ನೂರು ಸಲ ಎಸೆದು ಬರೆದಿಟ್ಟುಕೊಂಡ ಹುಡುಗಿ ಸಂಭವನೀಯತೆಯ ಮೊದಲ ಪಾಠವನ್ನು ಕಲಿತಂತೆಯೇ.

ಕೊಂಡೇ ಕೊಡಬೇಕೆನ್ನುವವರಿಗೆ ಚನ್ನಪಟ್ಟಣ ದೂರವಿಲ್ಲ. ಅಲ್ಲಿನ ಕುಶಲಕರ್ಮಿಗಳು ಹಾಲೆ ಮರವನ್ನು ಲೇತಿನ ಮೇಲೆ ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಬುಗುರಿ, ಮಣಿಚೌಕಟ್ಟು, ಒಂದರ ಮೇಲೊಂದು ಪೇರಿಸುವ ಬಳೆಗಳು ಎಂಟು ವರ್ಷದವಳಿಗೂ ಅವಳ ತಮ್ಮನಿಗೂ ಒದಗುತ್ತವೆ. ಆ ಊರಿನ ಹೆಸರು ಹೊತ್ತ ಅಗ್ಗದ ಅನುಕರಣೆಗಳೂ ಉಂಟು. ನಂಬಿಕೆಯ ಅಂಗಡಿಯಲ್ಲಿಯೇ ಕೊಳ್ಳುವುದು ಲೇಸು.

ಮಳೆಯನ್ನು ಅಳೆಯುವ ಹುಡುಗಿ

ಕಾಸು ಖರ್ಚಿಲ್ಲದ ಉಡುಗೊರೆಯೊಂದುಂಟು. ನೇರವಾದ ಬದಿಗಳುಳ್ಳ, ಚಪ್ಪಟೆ ತಳದ ಗಾಜಿನ ಜಾಡಿ, ಒಂದು ಅಳತೆಯ ಪಟ್ಟಿ, ಒಂದು ನೋಟುಪುಸ್ತಕ. ಜಾಡಿಯನ್ನು ಬಯಲಿನಲ್ಲಿ ಅಲುಗದಂತಿಟ್ಟು, ಪ್ರತಿದಿನ ಬೆಳಗ್ಗೆ ಅದೇ ಹೊತ್ತಿಗೆ ನೀರಿನ ಎತ್ತರವನ್ನು ಅಳೆದು ಬರೆಯಬೇಕು. ಒಂದು ಸೆಂಟಿಮೀಟರ್ ನೀರೆಂದರೆ ಹತ್ತು ಮಿಲಿಮೀಟರ್ ಮಳೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಹಾಗಾದರೆ ನೂರು ಚದರ ಮೀಟರಿನ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ? ಸಾವಿರ ಲೀಟರ್! ಲೆಕ್ಕ ಹಾಕಿದ ಹುಡುಗಿ ಅಪ್ಪನನ್ನು ಕೇಳದೆ ಬಿಡುವಳೆ: "ಅಷ್ಟೂ ನೀರು ಎಲ್ಲಿಗೆ ಹೋಯಿತಪ್ಪ?"

ಪುಸ್ತಕದ ಮಾತು

ಪುಸ್ತಕವನ್ನು ಉಡುಗೊರೆ ಕೊಡುವವರು ಸಾಮಾನ್ಯವಾಗಿ ಎಡವುವುದು ಒಂದೆಡೆ: ತಾವು ಮೆಚ್ಚುವ ಪುಸ್ತಕವನ್ನು ಮಗುವಿಗೆ ಕೊಡುತ್ತಾರೆ. ಮೊದಲು ನಗುವ ಪುಸ್ತಕ, ಆಮೇಲೆ ತಿಳಿವಿನ ಪುಸ್ತಕ. ಜಿ. ಪಿ. ರಾಜರತ್ನಂ ಅವರ 'ತುತ್ತೂರಿ', ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಗಟ್ಟಿಯಾಗಿ ಓದಿದಷ್ಟೂ ರುಚಿ. ಶಿವರಾಮ ಕಾರಂತರು ಮಕ್ಕಳಿಗೆಂದೇ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಒಬ್ಬರೇ ರಚಿಸಿದ ನಾಡು ಇದು. ತಿಳಿವಿನ ಪುಸ್ತಕ ಕನ್ನಡಕ್ಕೆ ಹೊಸತಲ್ಲ. ಕೊಳ್ಳುವ ಶಕ್ತಿಯಿಲ್ಲದವರಿಗೂ ದಾರಿಯುಂಟು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಜಾಲತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳನ್ನು ಹಣ ಕೊಡದೆ ಓದಬಹುದು. ಊರಿನ ಗ್ರಂಥಾಲಯದ ಸದಸ್ಯತ್ವದ ಚೀಟಿಯೂ ಸೊಗಸಾದ ಉಡುಗೊರೆಯೇ.

ಇಷ್ಟು ಎಚ್ಚರ ಇರಲಿ

ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಐ.ಎಸ್.ಐ. ಗುರುತು ಇರಬೇಕೆಂಬ ನಿಯಮ 1 ಜನವರಿ 2021ರಿಂದ ಜಾರಿಗೆ ಬಂದಿತು. ಭೌಗೋಳಿಕ ಗುರುತು ಪಡೆದ ಕರಕುಶಲ ವಸ್ತುಗಳಿಗೆ ಇದರಿಂದ ವಿನಾಯಿತಿ ಕೊಡಲಾಯಿತು. ಚನ್ನಪಟ್ಟಣದ ಗೊಂಬೆಗಳು ಈ ವರ್ಗಕ್ಕೆ ಸೇರಿದವು. ಗುಂಡಿಯಾಕಾರದ ಪುಟ್ಟ ಬ್ಯಾಟರಿ, ಗೋಲಿಗಿಂತ ಚಿಕ್ಕದಾದ ಪ್ರಬಲ ಅಯಸ್ಕಾಂತ ಇವುಗಳನ್ನು ಮಕ್ಕಳು ನುಂಗಿದರೆ ಕರುಳಿಗೂ ಪ್ರಾಣಕ್ಕೂ ಅಪಾಯ. ಎಂಟು ವರ್ಷದವಳು ನುಂಗಲಾರಳು, ಸರಿ. ಆದರೆ ಅವಳ ತಮ್ಮ? ಭೂತಕನ್ನಡಿಯಲ್ಲಿ ಸೂರ್ಯನನ್ನು ನೋಡಕೂಡದೆಂಬುದನ್ನೂ ಕೊಡುವಾಗಲೇ ಹೇಳಿಬಿಡಬೇಕು.

ಕಡೆಯದಾಗಿ, ಅಂಗಡಿಯಲ್ಲಿ ದೊರೆಯದ ಉಡುಗೊರೆ: ಹಿರಿಯರ ಸಮಯ. ಅಳಗುಳಿ ಮಣೆಗೆ ಎದುರಾಳಿ ಬೇಕು, ಕಥೆಗೆ ಕೇಳುವ ಕಿವಿ ಬೇಕು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೋ ಜವಾಹರಲಾಲ್ ನೆಹರೂ ತಾರಾಲಯಕ್ಕೋ ಕೈಹಿಡಿದು ಕರೆದೊಯ್ದ ಒಂದು ದಿನವನ್ನು ಮಗು ಎಷ್ಟೋ ವರ್ಷ ನೆನೆಯುತ್ತದೆ.

ಇನ್ನು ಆ ಸೋದರಮಾವ. ಅವನು ಏನನ್ನೂ ಕೊಳ್ಳದೆ ಅಂಗಡಿಯಿಂದ ಹೊರಬಂದು ಅಕ್ಕನ ಮನೆಗೆ ಫೋನು ಮಾಡಲಿ. ಅಕ್ಕನನ್ನು ಕೇಳುವುದು ಬೇಡ, ಪುಟ್ಟಿಯನ್ನೇ ಕರೆಯಲಿ. "ಈಚೆಗೆ ನೀನು ಏನನ್ನು ನೋಡಿ 'ಇದು ಯಾಕೆ ಹೀಗೆ?' ಅಂದುಕೊಂಡೆ, ಮರಿ?" ಎಂದು ಕೇಳಲಿ. ಅವಳು ಕೊಡುವ ಉತ್ತರದೊಡನೆ ಮರಳಿ ಅಂಗಡಿಗೆ ಬಂದಾಗ, ಯಾವ ಬದಿಯ ಕಪಾಟಿಗೆ ಹೋಗಬೇಕೆಂದು ಅವನು ಯಾರನ್ನೂ ಕೇಳಬೇಕಾಗುವುದಿಲ್ಲ.