ಕಡಲಾಳದ ಒತ್ತಡಮಾಪಕ ಮತ್ತು ಅದರ ನೆನಪಿನ ಜೋಳಿಗೆ

ದ್ರವದೊಳಗಿನ ಒತ್ತಡ ಆಳಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂಬುದನ್ನು ಹೈಸ್ಕೂಲಿನ ಮಕ್ಕಳೆಲ್ಲ ಬಾಯಿಪಾಠ ಮಾಡಿರುತ್ತಾರೆ. ಆಳ, ಸಾಂದ್ರತೆ, ಗುರುತ್ವ ವೇಗೋತ್ಕರ್ಷ ಮೂರನ್ನೂ ಗುಣಿಸಿದರೆ ಉತ್ತರ ಸಿಕ್ಕಿತು, ಎರಡು ಅಂಕವೂ ಬಂತು. ಇದೇ ಸೂತ್ರವನ್ನು ನಂಬಿಕೊಂಡು ನಾಲ್ಕು ಕಿಲೋಮೀಟರ್ ಆಳದ ಕಡಲತಳದಲ್ಲಿ ಹಗಲೂ ರಾತ್ರಿ ಕುಳಿತಿರುವ ಒಂದು ಉಪಕರಣವಿದೆ. ಮೇಲೆ ಸುನಾಮಿ ಹಾದು ಹೋಯಿತೇ ಎಂದು ನೋಡುವುದೇ ಅದರ ಕೆಲಸ.

2004ರ ಡಿಸೆಂಬರ್ 26ರಂದು ಸುಮಾತ್ರಾ ಬಳಿ ಭೂಮಿ ನಡುಗಿದ್ದು ನಮ್ಮ ಗಡಿಯಾರದ ಪ್ರಕಾರ ಬೆಳಿಗ್ಗೆ ಆರೂವರೆಗೆ. ಅಲೆ ಚೆನ್ನೈ ಮುಟ್ಟಲು ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಎಷ್ಟು ಜನರನ್ನು ದಡದಿಂದ ಎಬ್ಬಿಸಬಹುದಿತ್ತು! ಆದರೆ ಹಿಂದೂ ಮಹಾಸಾಗರದಲ್ಲಿ ಹೇಳುವವರೇ ಇರಲಿಲ್ಲ. ನಡುಗಡಲಿನಲ್ಲಿ ಸುನಾಮಿ ಕಣ್ಣಿಗೆ ಕಾಣುವಂಥದ್ದೂ ಅಲ್ಲ. ಅಂದು ಬಂಗಾಳ ಕೊಲ್ಲಿಯ ಮೇಲೆ ಹಾದುಹೋದ ಜೇಸನ್-1 ಉಪಗ್ರಹ ಅಳೆದ ಅಲೆಯ ಎತ್ತರ ಸುಮಾರು 60 ಸೆಂಟಿಮೀಟರ್ ಅಷ್ಟೆ. ಹಡಗಿನಲ್ಲಿದ್ದವರಿಗೆ ಅದು ತಿಳಿಯುವುದೂ ಇಲ್ಲ.

ತಳದಲ್ಲಿರುವ ಮಾಪಕಕ್ಕೆ ತಿಳಿಯುತ್ತದೆ. ಹತ್ತು ಮೀಟರ್ ನೀರಿಗೆ ಸರಿಸುಮಾರು ಒಂದು ವಾಯುಭಾರದ ಒತ್ತಡ. ನಾಲ್ಕು ಸಾವಿರ ಮೀಟರಿಗೆ ನಾನೂರು. ಅದರ ಮೇಲೆ 60 ಸೆಂಟಿಮೀಟರ್ ನೀರು ಸೇರಿದರೆ ಹೆಚ್ಚುವುದು ನೂರರಲ್ಲಿ ಆರು ಪಾಲು ವಾಯುಭಾರ ಮಾತ್ರ. ಇದನ್ನು ಹಿಡಿಯುವುದು ಸ್ಫಟಿಕದ ತುಣುಕು. ನಿಮ್ಮ ಕೈಗಡಿಯಾರದಲ್ಲಿರುವಂಥದ್ದೇ ಕ್ವಾರ್ಟ್ಜ್! ಒತ್ತಡದ ಬಿಗಿ ಬದಲಾದಂತೆ ಅದರ ಕಂಪನ ಸಂಖ್ಯೆ ಬದಲಾಗುತ್ತದೆ, ಉಪಕರಣ ಅದನ್ನು ಎಣಿಸುತ್ತದೆ. ಆ ಆಳದಲ್ಲೂ ಒಂದು ಮಿಲಿಮೀಟರ್ ನೀರಿನ ಏರಿಳಿತವನ್ನು ಇದು ಗುರುತಿಸಬಲ್ಲದು.

ಅಳೆದದ್ದಾಯಿತು, ಕಳಿಸುವುದು ಹೇಗೆ? ತೊಡಕು ಇರುವುದೇ ಇಲ್ಲಿ. ಉಪ್ಪುನೀರಿನಲ್ಲಿ ರೇಡಿಯೋ ಅಲೆ ದೂರ ಸಾಗದು. ಶಬ್ದವೇ ಗತಿ. ಅದು ಸೆಕೆಂಡಿಗೆ 1500 ಮೀಟರ್ ಸಾಗಿ ಮೇಲೆ ಬರಲು ಎರಡೂವರೆ ಸೆಕೆಂಡಿಗೂ ಹೆಚ್ಚು ಬೇಕು. ಒಮ್ಮೆಗೆ ಹೊರುವ ಮಾಹಿತಿಯೂ ಅಲ್ಪ. ಪ್ರತಿ ಕೂಗಿಗೂ ಬ್ಯಾಟರಿ ಸವೆಯುತ್ತದೆ, ಅಲ್ಲಿಗೆ ಹೋಗಿ ಬ್ಯಾಟರಿ ಬದಲಿಸುವವರು ಯಾರು? ಅಮೆರಿಕದ ಡಾರ್ಟ್ ವ್ಯವಸ್ಥೆಯ ಮಾಪಕ 15 ಸೆಕೆಂಡಿಗೊಂದು ಅಂಕಿ ಬರೆದುಕೊಳ್ಳುತ್ತದೆ. ದಿನಕ್ಕೆ 5,760, ವರ್ಷಕ್ಕೆ 21 ಲಕ್ಷ! ಎಲ್ಲವನ್ನೂ ಕೂಗಿ ಹೇಳುತ್ತ ಕೂತರೆ ಬ್ಯಾಟರಿ ಬೇಗನೆ ಬರಿದಾಗುತ್ತದೆ.

ಆದ್ದರಿಂದ ಅದಕ್ಕೊಂದು ನೆನಪಿನ ಜೋಳಿಗೆ ಕೊಟ್ಟಿದ್ದಾರೆ. ಕಂಪ್ಯೂಟರ್ ಕಲಿತವರು ಇದನ್ನು ಬಫರ್ ಎನ್ನುತ್ತಾರೆ. ನಲ್ಲಿ ಬಂದಾಗ ಸಂಪು ತುಂಬಿಸಿಕೊಂಡು ಬೇಕಾದಾಗ ಬಳಸುತ್ತೇವಲ್ಲ, ಹಾಗೆಯೇ ಎನ್ನಬಹುದು. ಆದರೆ ಈ ಸಂಪು ನೀರನ್ನು ಬರಿದೆ ಹಿಡಿದಿಟ್ಟುಕೊಳ್ಳುವುದಿಲ್ಲ, ಹಿಂದಿನ ನೀರನ್ನು ನೋಡಿ ಮುಂದಿನದನ್ನು ಊಹಿಸುತ್ತದೆ. ಕಳೆದ ಸುಮಾರು ಮೂರು ಗಂಟೆಗಳ ಅಂಕಿಗಳಿಂದ ಉಬ್ಬರವಿಳಿತದ ಜಾಡು ಹಿಡಿದು, ಈ ಕ್ಷಣದ ಒತ್ತಡ ಇಷ್ಟಿರಬೇಕು ಎಂದು ಲೆಕ್ಕ ಹಾಕುತ್ತದೆ. ಅಳೆದದ್ದಕ್ಕೂ ಲೆಕ್ಕಕ್ಕೂ ತಾಳೆಯಾದರೆ ಸರಿ, ಹದಿನೈದು ನಿಮಿಷಕ್ಕೊಂದರಂತೆ ಆಯ್ದ ಅಂಕಿಗಳನ್ನಷ್ಟೇ ಕಂತಿನಲ್ಲಿ ಮೇಲೆ ಕಳಿಸುತ್ತದೆ. ಉತ್ತರ ಪೆಸಿಫಿಕ್‌ನಲ್ಲಿ ಇಟ್ಟುಕೊಂಡ ಮಿತಿ ಮೂರು ಸೆಂಟಿಮೀಟರ್; ಒಂದರ ಹಿಂದೊಂದು ಎರಡು ಅಂಕಿಗಳು ಅದನ್ನು ಮೀರಿದರೆ ಉಪಕರಣ ಎಚ್ಚೆತ್ತುಕೊಳ್ಳುತ್ತದೆ. ಮೊದಲ ಕೆಲವು ನಿಮಿಷ 15 ಸೆಕೆಂಡಿನ ಅಂಕಿ, ಆಮೇಲೆ ನಿಮಿಷದ ಸರಾಸರಿ. ಒಂದೇ ಅಂಕಿಯನ್ನು ನಂಬದಿರುವುದು ಜಾಣತನ. ಮೀನೊಂದು ತಗುಲಿದರೂ ಊರು ಖಾಲಿ ಮಾಡಿಸಲಾದೀತೇ?

ಶಬ್ದವನ್ನು ಮೇಲೆ ಹಿಡಿಯುವುದು ಬಾಯ್ ಎಂಬ ತೇಲುಬುರುಡೆ. ಅದರಿಂದ ಉಪಗ್ರಹಕ್ಕೆ, ಉಪಗ್ರಹದಿಂದ ದಡದ ಕೇಂದ್ರಕ್ಕೆ. ಇಷ್ಟು ಕೊಂಡಿಗಳಲ್ಲಿ ಯಾವುದಾದರೂ ಒಂದು ನಡುವೆ ಕೈಕೊಡುವುದುಂಟು. ಆಗಲೂ ಜೋಳಿಗೆಯೇ ಕಾಯುತ್ತದೆ. ಅಪಾಯದ ವೇಳೆ ಗಂಟೆಗೊಮ್ಮೆ ಹೋಗುವ ಕಂತಿನಲ್ಲಿ ಹಿಂದಿನ 120 ನಿಮಿಷಗಳ ಅಂಕಿಗಳಿರುತ್ತವೆ. ಒಂದು ಕಂತು ಕಳೆದರೂ ಮುಂದಿನದರಲ್ಲಿ ಅದು ಮತ್ತೆ ಸಿಗುತ್ತದೆ. ಡಾರ್ಟ್‌ನ ಎರಡನೆಯ ತಲೆಮಾರಿನಲ್ಲಿ ದಡದವರೇ ಕೆಳಗಿನ ಮಾಪಕವನ್ನು ಎಬ್ಬಿಸಿ ಕೇಳಲೂಬಹುದು.

ನಮ್ಮ ದೇಶದ ಸುನಾಮಿ ಎಚ್ಚರಿಕೆ ಕೇಂದ್ರ ಹೈದರಾಬಾದಿನಲ್ಲಿ 2007ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಬಂಗಾಳ ಕೊಲ್ಲಿಯಲ್ಲಷ್ಟೇ ಅಲ್ಲ, ಅರಬ್ಬಿ ಸಮುದ್ರದಲ್ಲೂ ಮಾಪಕಗಳನ್ನು ಇಳಿಸಿದರು. 1945ರಲ್ಲಿ ಮಕ್ರಾನ್ ಕರಾವಳಿಯ ಭೂಕಂಪದ ಸುನಾಮಿ ಮುಂಬಯಿವರೆಗೆ ಬಂದಿತ್ತು. ಅದೇ ಕಡಲು ಕಾರವಾರ, ಮಂಗಳೂರಿನದೂ ಹೌದು.

2012ರ ಏಪ್ರಿಲ್ 11ರ ಮಧ್ಯಾಹ್ನ ಸುಮಾತ್ರಾ ಬಳಿ 8.6 ಪ್ರಮಾಣದ ಭೂಕಂಪ. ಚೆನ್ನೈ ಕಡಲತೀರದಲ್ಲಿ ಜನ ಓಡಿದರು. ಭೂಕಂಪದ ಪ್ರಮಾಣ ನಿಮಿಷಗಳಲ್ಲಿ ಗೊತ್ತಾಗುತ್ತದೆ, ನೀರು ಎದ್ದಿತೇ ಎಂಬುದು ಅದರಿಂದ ತಿಳಿಯುವುದಿಲ್ಲ. ಅಂದು ನೆಲ ಮೇಲೇಳದೆ ಅಡ್ಡಡ್ಡ ಸರಿದಿತ್ತು. ಕಡಲಲ್ಲಿ ಅಳೆದ ಅಲೆಗಳು ಸಣ್ಣವೆಂದು ಕಂಡ ಮೇಲೆ ಎಚ್ಚರಿಕೆ ಹಿಂತೆಗೆದುಕೊಂಡರು.

ತಮಾಷೆಯೆಂದರೆ, ಈ ಜಾಲಕ್ಕೆ ಕಾಟ ಆಳದ ಒತ್ತಡದಿಂದಲ್ಲ, ಮೇಲಿನ ಮನುಷ್ಯರಿಂದ. ತೇಲುಬುರುಡೆಯ ಸುತ್ತ ಮೀನು ಸೇರುತ್ತವೆ. ಮೀನುಗಾರರು ದೋಣಿಯನ್ನು ಅದಕ್ಕೇ ಕಟ್ಟುತ್ತಾರೆ, ಬಲೆ ಸಿಕ್ಕಿಕೊಳ್ಳುತ್ತದೆ, ಕೆಲವೊಮ್ಮೆ ಬಿಡಿಭಾಗಗಳೂ ಮಾಯವಾಗುತ್ತವೆ. ಎಚ್ಚರಿಕೆ ಮೊದಲು ಬೇಕಾಗಿರುವುದೂ ಅವರ ಕೇರಿಗಳಿಗೇ. ಬುರುಡೆ ಹೋದರೂ ತಳದ ಮಾಪಕ ತನ್ನ ಪಾಡಿಗೆ 15 ಸೆಕೆಂಡಿಗೊಮ್ಮೆ ಬರೆಯುತ್ತಲೇ ಇರುತ್ತದೆ. ಹಡಗು ಬಂದು ಎತ್ತಿದಾಗ ಒಂದಂಕಿಯೂ ಬಿಡದ ಲೆಕ್ಕ ಕೈಗೆ ಸಿಗುತ್ತದೆ, ಆದರೆ ಸಂಶೋಧಕರಿಗೆ ಮಾತ್ರ.