ಅಜ್ಜ ಹೇಳಿದ ವಿಮಾನ ಹಾರಲಿಲ್ಲ

ಹೋದ ವರ್ಷದ ಮಾತು. ಎಂಟನೇ ತರಗತಿಯಲ್ಲಿದ್ದ ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ ವಿಮಾನದ ವಿಷಯವಾಗಿ ಐದು ನಿಮಿಷ ಮಾತಾಡಲಿಕ್ಕಿತ್ತು. "ಅಜ್ಜ, ಏನು ಹೇಳಲಿ?" ಎಂದು ಜಗಲಿಗೆ ಬಂದು ಕೂತಳು. ಈಗಿನ ಕಾಲದಲ್ಲಿ ಅಜ್ಜನನ್ನು ಕೇಳುವವರು ಸಿಗುವುದೇ ಅಪರೂಪ. ನಾನು ಹುರುಪಿನಿಂದ ಶುರು ಮಾಡಿದೆ.

"ವಿಮಾನ ಕಂಡುಹಿಡಿದದ್ದು ರೈಟ್ ಸಹೋದರರು ಅಂತ ಪುಸ್ತಕದಲ್ಲಿ ಇರುತ್ತದೆ. ಆದರೆ ಸಾವಿರಾರು ವರ್ಷ ಮೊದಲೇ ನಮ್ಮ ಭರದ್ವಾಜ ಮಹರ್ಷಿಗಳು 'ವೈಮಾನಿಕ ಶಾಸ್ತ್ರ' ಬರೆದಿಟ್ಟಿದ್ದಾರೆ. ಶಕುನ, ಸುಂದರ, ರುಕ್ಮ, ತ್ರಿಪುರ ಅಂತ ನಾಲ್ಕು ವಿಮಾನ. ತ್ರಿಪುರ ಅಂದರೆ ನೆಲ, ನೀರು, ಆಕಾಶ ಮೂರರಲ್ಲೂ ಹೋಗುವಂಥದ್ದು!" ಇದನ್ನು ನಾನು ಚಿಕ್ಕಂದಿನಲ್ಲಿ ಹಿರಿಯರೊಬ್ಬರ ಬಾಯಲ್ಲಿ ಕೇಳಿದ್ದೆ. ಕೇಳಿದ್ದನ್ನು ಹಾಗೆಯೇ ದಾಟಿಸಿದೆ.

ಹುಡುಗಿ ಚೆನ್ನಾಗಿ ಮಾತಾಡಿದಳಂತೆ, ಚಪ್ಪಾಳೆಯೂ ಬಿತ್ತಂತೆ. ಕೊನೆಯಲ್ಲಿ ವಿಜ್ಞಾನದ ಟೀಚರ್ ಒಂದೇ ಪ್ರಶ್ನೆ ಕೇಳಿದರು: "ಅದನ್ನು ಯಾರಾದರೂ ಮಾಡಿ ನೋಡಿದ್ದಾರಾ?" ಅವಳಲ್ಲಿ ಉತ್ತರ ಇರಲಿಲ್ಲ. ಸಂಜೆ ಬಂದವಳೇ ಬ್ಯಾಗು ಇಳಿಸುವ ಮೊದಲು ಅದೇ ಪ್ರಶ್ನೆಯನ್ನು ನನಗೆ ಕೇಳಿದಳು. ನನ್ನಲ್ಲೂ ಇರಲಿಲ್ಲ.

ಆಮೇಲಿಂದ ನಾನು ಏನು ಹೇಳಿದರೂ ಅವಳದ್ದು ಒಂದೇ ಮಾತು: "ನಿಜವಾ ಅಜ್ಜ?" ಆ ಮಾತು ನನ್ನನ್ನು ಚುಚ್ಚಿತು. ಮೂವತ್ತು ವರ್ಷಕ್ಕೂ ಹೆಚ್ಚು ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡಿದವನು ನಾನು. ಪುಸ್ತಕದಲ್ಲಿ ಎಷ್ಟೇ ಅಂದವಾಗಿ ಬರೆದಿದ್ದರೂ ಪೆಟ್ಟಿಗೆಯ ನಗದು ಅದಕ್ಕೆ ಹೊಂದದಿದ್ದರೆ ಮನೆಗೆ ಹೋಗುವ ಹಾಗಿರಲಿಲ್ಲ. ಮೊಮ್ಮಗಳಿಗೆ ಹೇಳುವಾಗ ಮಾತ್ರ ತಾಳೆ ನೋಡಿರಲಿಲ್ಲ. ಸರಿ, ಹುಡುಕಲು ಕೂತೆ. ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಆನೇಕಲ್ಲಿನ ಶಾಸ್ತ್ರಿಗಳು

ಮೊದಲು ಗೊತ್ತಾದದ್ದು, ಈ ಕಥೆ ನಮ್ಮ ಕರ್ನಾಟಕದ್ದೇ. ಬೆಂಗಳೂರಿನ ಹತ್ತಿರದ ಆನೇಕಲ್ಲಿನಲ್ಲಿ ಸುಬ್ಬರಾಯ ಶಾಸ್ತ್ರಿಗಳು ಎಂಬುವವರಿದ್ದರು. ತಮಗೆ ಶ್ಲೋಕಗಳು ತಾವಾಗಿಯೇ ಸ್ಫುರಿಸುತ್ತವೆ ಎಂದು ಅವರು ನಂಬಿದ್ದರು. ಅವರು ಹೇಳುತ್ತಾ ಹೋದ ಶ್ಲೋಕಗಳನ್ನು ವೆಂಕಟಾಚಲ ಶರ್ಮರು 1918ರಿಂದ 1923ರ ತನಕ ಬರೆದುಕೊಂಡರು. ಆಗ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಕ್ಷೆ ಬರೆಯುತ್ತಿದ್ದ ಎಲ್ಲಪ್ಪ ಎಂಬುವವರು ಆ ವಿಮಾನಗಳ ಚಿತ್ರ ಬಿಡಿಸಿದರು. ಮೈಸೂರಿನ ಜಿ. ಆರ್. ಜೋಸ್ಯರ್ ಅವರು 1973ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪುಸ್ತಕ ಹೊರತಂದರು. ಆಮೇಲೆ ಅದು ಊರೆಲ್ಲ ಸುತ್ತಿ ನನ್ನಂಥವರ ಜಗಲಿಗೂ ಬಂತು.

ಮರುವರ್ಷವೇ, 1974ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಇದನ್ನು ಪರೀಕ್ಷೆಗೆ ತೆಗೆದುಕೊಂಡರು. ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆ ಇದು. ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು ಎಂಬ ಈ ಐವರು ಪುಸ್ತಕವನ್ನು ನೋಡದೆ ಹೀಗಳೆಯಲಿಲ್ಲ, ನೋಡದೆ ಕೈಮುಗಿಯಲೂ ಇಲ್ಲ. ಎದುರಿಗಿಟ್ಟುಕೊಂಡು ಓದಿದರು.

ಅವರು ಮೊದಲು ಭಾಷೆಯನ್ನು ನೋಡಿದರು. ಅದು ವೇದಕಾಲದ ಸಂಸ್ಕೃತವಲ್ಲ, ಇತ್ತೀಚಿನ ಸರಳ ಸಂಸ್ಕೃತ. ಹಳೆಯ ಹಸ್ತಪ್ರತಿಯೂ ಸಿಗಲಿಲ್ಲ. ನಮ್ಮ ಧರ್ಮಸ್ಥಳದಲ್ಲಿ ತಾಳೆಗರಿ ಗ್ರಂಥಗಳನ್ನು ಜೋಪಾನವಾಗಿ ಇಟ್ಟಿದ್ದಾರಲ್ಲ, ಅಂಥ ಒಂದು ಹಳೆಯ ಗರಿಯೂ ಈ ಶಾಸ್ತ್ರಕ್ಕೆ ಇಲ್ಲ. ಪುಸ್ತಕ 1904ಕ್ಕಿಂತ ಹಿಂದಿನದಲ್ಲ ಎಂಬ ತೀರ್ಮಾನಕ್ಕೆ ಬಂದರು. ಆಮೇಲೆ ನಾಲ್ಕೂ ವಿಮಾನಗಳ ಆಕಾರವನ್ನು ವಿಮಾನಶಾಸ್ತ್ರದ ಲೆಕ್ಕಕ್ಕೆ ಹಿಡಿದು ನೋಡಿದರು. ಒಂದೂ ಹಾರುವಂತಿರಲಿಲ್ಲ. ಮುಂದಕ್ಕೆ ತಳ್ಳಬೇಕಾದ ವ್ಯವಸ್ಥೆಯೇ ಹಾರಾಟಕ್ಕೆ ಅಡ್ಡಿಯಾಗುವ ಹಾಗಿತ್ತು.

ಮಗಳು ಆ ವರದಿಯನ್ನು ಮುದ್ರಿಸಿ ತಂದುಕೊಟ್ಟಳು. ಓದಿ ಮುಗಿಸಿದಾಗ ನನಗೆ ಬೇಸರವಾಯಿತು ಎಂದರೆ ಸುಳ್ಳಲ್ಲ. ಆದರೆ ಒಂದು ಪ್ರಶ್ನೆ ಉಳಿಯಿತು. ಬರೀ ಚಿತ್ರ ನೋಡಿ 'ಇದು ಹಾರುವುದಿಲ್ಲ' ಎಂದು ಹೇಳುವುದು ಹೇಗೆ? ವಿಮಾನ ಹಾರುತ್ತದೋ ಇಲ್ಲವೋ ಎಂದು ಹಾರುವ ಮೊದಲೇ ತಿಳಿಯುವುದು ಹೇಗೆ?

ತೋಡಿನ ಪಾಠ

ಇದಕ್ಕೆ ಉತ್ತರ ನಮ್ಮ ಅಡಿಕೆ ತೋಟದ ಪಕ್ಕದ ತೋಡಿನಲ್ಲೇ ಸಿಕ್ಕಿತು. ಮಕ್ಕಳೇ, ನೀವೂ ಮಾಡಿ ನೋಡಬಹುದು. ಮಳೆಗಾಲ ಕಳೆದು ನೀರು ಮೊಣಕಾಲಿನ ಕೆಳಗಿರುವಾಗ, ದೊಡ್ಡವರು ಜೊತೆಗಿದ್ದರೆ ಮಾತ್ರ.

ಒಂದು ಅಗಲವಾದ ಅಡಿಕೋಲನ್ನು ಹರಿಯುವ ನೀರಿನೊಳಗೆ ಅಡ್ಡವಾಗಿ, ಚಪ್ಪಟೆಯಾಗಿ ಹಿಡಿಯಿರಿ. ನೀರು ಮೇಲೆ, ಕೆಳಗೆ ಸುಮ್ಮನೆ ಹರಿದು ಹೋಗುತ್ತದೆ. ಈಗ ನೀರು ಬರುವ ಕಡೆಯ ಅಂಚನ್ನು ಸ್ವಲ್ಪವೇ ಮೇಲೆತ್ತಿ. ಅಡಿಕೋಲು ನಿಮ್ಮ ಕೈಯನ್ನು ಮೇಲಕ್ಕೆ ಎತ್ತುತ್ತದೆ! ಇನ್ನೂ ಹೆಚ್ಚು ಓರೆ ಮಾಡಿದರೆ ಕೋಲು ನಡುಗುತ್ತದೆ, ಮೇಲೆತ್ತುವುದಕ್ಕಿಂತ ಹೆಚ್ಚಾಗಿ ಹಿಂದಕ್ಕೆ ತಳ್ಳುತ್ತದೆ. ವಿಮಾನದ ರೆಕ್ಕೆಯ ಗುಟ್ಟು ಇಷ್ಟೇ. ಮೇಲೆತ್ತುವ ಬಲ ಹೆಚ್ಚಿರಬೇಕು, ಹಿಂದೆಳೆಯುವ ಬಲ ಕಡಿಮೆ ಇರಬೇಕು. ಎಷ್ಟು ಓರೆ, ಯಾವ ಬಾಗು ಎಂಬುದನ್ನು ಅಳೆದೇ ತಿಳಿಯಬೇಕು.

ಗಮನಿಸಿ, ಇಲ್ಲಿ ಅಡಿಕೋಲು ನಿಂತಲ್ಲೇ ಇತ್ತು, ಓಡಿದ್ದು ನೀರು. ನಿಂತ ಗಾಳಿಯಲ್ಲಿ ರೆಕ್ಕೆ ಓಡಿದರೂ ಒಂದೇ, ನಿಂತ ರೆಕ್ಕೆಯ ಮೇಲೆ ಗಾಳಿ ಓಡಿದರೂ ಒಂದೇ. ಹಾಗಾದರೆ ಪ್ರಾಣ ಪಣಕ್ಕಿಟ್ಟು ಹಾರುವ ಮೊದಲು, ಒಂದು ಪೆಟ್ಟಿಗೆಯಲ್ಲಿ ಪುಟ್ಟ ಮಾದರಿ ಇಟ್ಟು ಗಾಳಿ ಬೀಸಿದರಾಯಿತಲ್ಲ? ಇದೇ ವಿಂಡ್ ಟನೆಲ್, ಅಂದರೆ ಗಾಳಿ ಸುರಂಗ. ಇಂಗ್ಲೆಂಡಿನ ಫ್ರಾನ್ಸಿಸ್ ವೆನ್‌ಹ್ಯಾಮ್ 1871ರಲ್ಲಿ ಮೊದಲ ಸುರಂಗ ಕಟ್ಟಿದರು.

ರೈಟ್ ಸಹೋದರರು ಗೆದ್ದದ್ದೂ ಇದರಿಂದಲೇ. ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಎಂಬ ಸಾಹಸಿ ಗ್ಲೈಡರ್‌ನಿಂದ ಬಿದ್ದು 1896ರಲ್ಲಿ ತೀರಿಕೊಂಡಿದ್ದರು. ಅವರು ಬಿಟ್ಟುಹೋದ ಕೋಷ್ಟಕಗಳನ್ನು ನಂಬಿ ರೈಟ್ ಸಹೋದರರು ಗ್ಲೈಡರ್ ಮಾಡಿದರು. ಅದು ಲೆಕ್ಕ ಹಾಕಿದಷ್ಟು ಮೇಲೇರಲಿಲ್ಲ. ಆಗ ಅವರು ಕೋಷ್ಟಕಕ್ಕೆ ಜೋತುಬೀಳಲಿಲ್ಲ. 1901ರಲ್ಲಿ ತಮ್ಮ ಸೈಕಲ್ ಅಂಗಡಿಯಲ್ಲೇ 6 ಅಡಿ ಉದ್ದದ ಮರದ ಪೆಟ್ಟಿಗೆ ಮಾಡಿ, ಒಂದು ತುದಿಗೆ ಫ್ಯಾನ್ ಕೂರಿಸಿ, ಸೈಕಲ್ ಚಕ್ರದ ಕಡ್ಡಿ ಮತ್ತು ಗರಗಸದ ಬ್ಲೇಡಿನಿಂದ ತಕ್ಕಡಿ ಮಾಡಿಕೊಂಡರು. ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. 1903ರ ಡಿಸೆಂಬರ್ 17ರಂದು ಅವರ ವಿಮಾನ ಮೊದಲ ಸಲ ಹಾರಿದ್ದು 12 ಸೆಕೆಂಡು, 120 ಅಡಿ. ಅಷ್ಟೇ! ಆದರೆ ಅದು ಹಾರಿತ್ತು, ನೋಡಿದವರಿದ್ದರು.

ಬೆಂಗಳೂರಿನ ಗಾಳಿ ಸುರಂಗಗಳು

ಇಷ್ಟು ತಿಳಿದ ಮೇಲೆ ಮೊಮ್ಮಗಳು ಕೇಳಿದಳು: "ಹಾಗಾದರೆ ನಮ್ಮವರು ಏನೂ ಮಾಡಲಿಲ್ವಾ ಅಜ್ಜ?"

ಮಾಡಿದರು. ಹೆಮ್ಮೆ ಪಡಬೇಕಾದದ್ದು ಇಲ್ಲೇ ಇತ್ತು, ನಾನು ಬೇರೆ ಕಡೆ ಹುಡುಕುತ್ತಿದ್ದೆ.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸರಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಅದೇ ಈಗಿನ ಎಚ್‌ಎಎಲ್. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆಯಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರು ಡಾ. ವಿ. ಎಂ. ಘಾಟ್ಗೆ. ಅವರು ಜರ್ಮನಿಯಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ ಮಹಾ ವಿಜ್ಞಾನಿಯ ಬಳಿ ಕಲಿತು ಬಂದವರು. ಮುಂದೆ ಎಚ್‌ಎಎಲ್‌ನಲ್ಲಿ ಅವರ ತಂಡ ರೂಪಿಸಿದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು. ಸ್ವಾತಂತ್ರ್ಯ ಬಂದು ಆಗಿನ್ನೂ ನಾಲ್ಕೇ ವರ್ಷ. ಅಂಥ 150ಕ್ಕೂ ಹೆಚ್ಚು ವಿಮಾನಗಳಾದವು. ಅದೆಷ್ಟೋ ಹುಡುಗರು ಅದರಲ್ಲಿ ಕೂತು ಹಾರಲು ಕಲಿತರು.

ಪರೀಕ್ಷೆಯ ವ್ಯವಸ್ಥೆಯೂ ಬೆಳೆಯಿತು. ಸತೀಶ್ ಧವನ್ ಅವರು ಸಂಸ್ಥೆಯಲ್ಲಿ ಶಬ್ದಕ್ಕಿಂತ ವೇಗವಾಗಿ ಗಾಳಿ ಹರಿಸುವ ಸುರಂಗಗಳನ್ನು ಕಟ್ಟಿಸಿದರು. 1950ರ ದಶಕದ ಕೊನೆಗೆ ಅಲ್ಲಿ 14 ಅಡಿ ಅಗಲ, 9 ಅಡಿ ಎತ್ತರದ ದೊಡ್ಡ ಸುರಂಗವೊಂದು ತಯಾರಾಯಿತು. ನಮ್ಮ ಮನೆಯ ಚಾವಡಿಯನ್ನೇ ಅದರೊಳಗೆ ಇಡಬಹುದೇನೋ! 1959ರಲ್ಲಿ ದಿಲ್ಲಿಯಲ್ಲಿ ಹುಟ್ಟಿ ಮರುವರ್ಷ ಬೆಂಗಳೂರಿಗೆ ಬಂದ ಎನ್‌ಎಎಲ್ ಸಂಸ್ಥೆಯ ಮೊದಲ ಕಚೇರಿ ಎಲ್ಲಿತ್ತು ಗೊತ್ತೇ? ಮೈಸೂರು ಮಹಾರಾಜರ ಅರಮನೆಯ ಕುದುರೆ ಲಾಯದಲ್ಲಿ. ಆ ಸಂಸ್ಥೆ 1967ರಲ್ಲಿ 1.2 ಮೀಟರ್ ಸುರಂಗ ಚಾಲೂ ಮಾಡಿತು. ದೊಡ್ಡ ತೊಟ್ಟಿಗಳಲ್ಲಿ ಗಾಳಿಯನ್ನು ಒತ್ತಿ ತುಂಬಿಸಿ, ಒಮ್ಮೆಲೇ ಬಿಡುತ್ತಾರೆ. ಆ ಕೆಲವೇ ಸೆಕೆಂಡುಗಳಲ್ಲಿ ಮಾದರಿಯ ಮೇಲೆ ಬೀಳುವ ಬಲವನ್ನೆಲ್ಲ ಅಳೆದುಕೊಳ್ಳಬೇಕು. ತೇಜಸ್ ವಿಮಾನದ ಮಾದರಿಯೂ ಇಸ್ರೋದ ರಾಕೆಟ್‌ಗಳ ಮಾದರಿಗಳೂ ಆ ಗಾಳಿಗೆ ಎದೆಯೊಡ್ಡಿ ಬಂದವೇ.

ಎಂಜಿನ್ ಇಲ್ಲದ ಮರದ ವಿಮಾನ

ನನ್ನ ಮನಸ್ಸಿಗೆ ಹೆಚ್ಚು ತಾಗಿದ್ದು ಮಾರುತ್ ವಿಮಾನದ ಕಥೆ. 1956ರಲ್ಲಿ ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಎಚ್‌ಎಎಲ್‌ನ ನಮ್ಮ ಎಂಜಿನಿಯರುಗಳ ಜೊತೆ ಸೇರಿ ಯುದ್ಧವಿಮಾನ ರೂಪಿಸಿದರು. ಸುರಂಗದ ಪರೀಕ್ಷೆ ಆದ ಮೇಲೂ ಅವರಿಗೆ ನೇರ ಹಾರಿಸುವ ಅವಸರ ಇರಲಿಲ್ಲ. ಮೊದಲು ಅದೇ ಅಳತೆಯ ಮರದ ವಿಮಾನ ಮಾಡಿದರು. ಅದಕ್ಕೆ ಎಂಜಿನ್ ಇಲ್ಲ. 1959ರಲ್ಲಿ ಡಕೋಟ ವಿಮಾನದ ಹಿಂದೆ ಹಗ್ಗ ಕಟ್ಟಿ ಅದನ್ನು ಆಕಾಶಕ್ಕೆ ಒಯ್ದು ಬಿಟ್ಟರು. ಪೈಲಟ್ ಅದನ್ನು ತೇಲಿಸಿಕೊಂಡು ಇಳಿಯಬೇಕು. ಹೀಗೆ ಒಂದೆರಡಲ್ಲ, ಹತ್ತಾರು ಸಲ ಹಾರಿಸಿ ನೋಡಿದರು.

ಕೊನೆಗೆ 1961ರ ಜೂನ್ 17ರಂದು ನಿಜವಾದ ಮಾರುತ್ ಹಾರಿತು. ಹಾರಿಸಿದವರು ಸುರಂಜನ್ ದಾಸ್. ಟೆಸ್ಟ್ ಪೈಲಟ್ ಎಂದರೆ ಯಾರೂ ಹಾರಿಸದ ವಿಮಾನವನ್ನು ಮೊದಲು ಹಾರಿಸಿ, ಅದರ ತಪ್ಪುಗಳನ್ನು ಹುಡುಕಿ, ಬಂದು ಹೇಳುವವನು. 'ಚೆನ್ನಾಗಿದೆ' ಎಂದು ಹೊಗಳುವುದು ಅವನ ಕೆಲಸವಲ್ಲ. ಇಂದು ಅವನು ಬಾಯಿಬಿಟ್ಟು ಹೇಳಿದ ತಪ್ಪು ನಾಳೆ ಇನ್ನೊಬ್ಬನ ಜೀವ ಉಳಿಸುತ್ತದೆ.

ಮಾರುತ್ ಹಾರಿತು, 1971ರ ಯುದ್ಧದಲ್ಲಿ ಕೆಲಸವನ್ನೂ ಮಾಡಿತು. ಆದರೆ ಅದಕ್ಕೆ ಬೇಕಾದಷ್ಟು ಬಲದ ಎಂಜಿನ್ ಕೊನೆಗೂ ಸಿಗಲಿಲ್ಲ. ಅಂದುಕೊಂಡ ವೇಗ ಬರಲೇ ಇಲ್ಲ. ವೇಗ ಹೆಚ್ಚಿಸುವ ಪ್ರಯತ್ನದಲ್ಲೇ, 1970ರ ಜನವರಿ 10ರಂದು, ಮಾರುತ್‌ನ ಸುಧಾರಿತ ಮಾದರಿ ಪತನಗೊಂಡು ಸುರಂಜನ್ ದಾಸ್ ತೀರಿಕೊಂಡರು. ಬೆಂಗಳೂರಿನಲ್ಲಿ ಎಚ್‌ಎಎಲ್ ಹತ್ತಿರ ಅವರ ಹೆಸರಿನ ರಸ್ತೆ ಇದೆ. ಆ ರಸ್ತೆಯಲ್ಲಿ ನಾನು ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಯಾರ ಹೆಸರೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಇದನ್ನು ಮೊಮ್ಮಗಳಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇದು ನಿಜ ಅಲ್ವಾ ಅಜ್ಜ?" ಎಂದಳು. ಈ ಸಲ ಹೌದು ಎನ್ನಲು ನನ್ನ ಬಳಿ ದಿನಾಂಕವಿತ್ತು.

ಅಜ್ಜಂದಿರಿಗೆ ಎರಡು ಮಾತು

ನನ್ನ ವಯಸ್ಸಿನ ಕೆಲವರಿಗೆ ಇದನ್ನು ಓದಿ ಬೇಸರವಾಗಬಹುದು. 'ಹಾಗಾದರೆ ನಮ್ಮ ಹಿರಿಯರದ್ದೆಲ್ಲ ಸುಳ್ಳಾ?' ಎಂದು ನನ್ನ ಮನೆಯಲ್ಲೂ ಮಾತು ಬಂತು. ಅಲ್ಲವೇ ಅಲ್ಲ. ಪುಷ್ಪಕ ವಿಮಾನದ ಕಥೆಯನ್ನು ನಾನು ಈಗಲೂ ಹೇಳುತ್ತೇನೆ, ಯಕ್ಷಗಾನದಲ್ಲಿ ಕಂಡರೆ ಈಗಲೂ ಕಣ್ಣರಳಿಸುತ್ತೇನೆ. ಅದನ್ನು ಕಥೆಯಾಗಿಯೇ ಹೇಳಿದರೆ ಅದರ ಸೊಗಸು ಕಡಿಮೆಯಾಗುವುದಿಲ್ಲ.

ಮತ್ತೆ, ಮಾಡಿ ನೋಡುವುದು ಪರದೇಶದಿಂದ ಬಂದ ಗುಣವೂ ಅಲ್ಲ. ನಮ್ಮ ಪಕ್ಕದ ಕೇರಳದಲ್ಲಿ ವಟಶ್ಶೇರಿ ಪರಮೇಶ್ವರ ಎಂಬ ಜ್ಯೋತಿರ್ವಿದರಿದ್ದರು. ಹಳೆಯ ಗಣಿತದ ಪ್ರಕಾರ ಬರಬೇಕಾದ ಹೊತ್ತಿಗೂ ಆಕಾಶದಲ್ಲಿ ಕಾಣುವ ಹೊತ್ತಿಗೂ ವ್ಯತ್ಯಾಸ ಇರುವುದು ಅವರಿಗೆ ಕಂಡಿತು. ದಶಕಗಳ ಕಾಲ ಗ್ರಹಣಗಳನ್ನು ಕಣ್ಣಾರೆ ನೋಡಿ, ಗುರುತು ಹಾಕಿ, ಲೆಕ್ಕ ತಿದ್ದಿ 1431ರಲ್ಲಿ 'ದೃಗ್ಗಣಿತ' ಬರೆದರು. ದೃಕ್ ಎಂದರೆ ಕಣ್ಣಿಗೆ ಕಂಡದ್ದು. ಕಂಡದ್ದಕ್ಕೆ ತಾಳೆಯಾಗುವ ಗಣಿತ ಎಂದು ಅರ್ಥ. ಪಂಚಾಂಗ ನೋಡುವ ಮನೆಗಳಲ್ಲಿ ಈ ಶಬ್ದ ಇವತ್ತಿಗೂ ಇದೆ. ಆನೇಕಲ್ಲಿನ ಪುಸ್ತಕವನ್ನು ಪರೀಕ್ಷಿಸಿದ ಐವರು ಮಾಡಿದ್ದೂ ಇದನ್ನೇ.

ನಮ್ಮೂರಿನ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಲು ಮೊನ್ನೆ ಇಬ್ಬರೂ ಹೋಗಿದ್ದೆವು. ಒಂದು ಕಾರಿನ ಮುಂದೆ ನಿಂತು, "ಇದು ನನ್ನ ಅಪ್ಪನ ಕಾಲದಲ್ಲಿ ಘಾಟಿ ಹತ್ತುತ್ತಿತ್ತು" ಎಂದೆ. ಮೊಮ್ಮಗಳು ನನ್ನ ಮುಖ ನೋಡಿ, "ನಿಜವಾ ಅಜ್ಜ?" ಎಂದಳು.

ಈಗ ಆ ಮಾತು ಚುಚ್ಚುವುದಿಲ್ಲ. "ಗೊತ್ತಿಲ್ಲ ಮಗಾ. ಕೇಳಿ ನೋಡುವ" ಎಂದು ಅಲ್ಲಿದ್ದವರನ್ನು ಕೇಳಲು ಹೊರಟೆ. ಅವಳು ನನ್ನ ಕೈ ಹಿಡಿದುಕೊಂಡಳು.